ಸ್ಕ್ರೂಡ್ರೈವರ್ ಕಿವಿಗಿಟ್ಟ ಮಾವ

ಗುರುವಾರ, ೧೪ನೇ ತಾರೀಖು
ಗೋದಾಮಿನ ರಿಪೇರಿ ಶೆಡ್ಡಿನಿಂದ

ನನ್ನ ಮುದ್ದು ಪುಟ್ಟೀ,

ನಿನ್ನ ಸೋದರಮಾವನ ಆಶೀರ್ವಾದ. ಹೋದ ವಾರ ಮಗು ಮೊದಲ ಮಾತಾಡಿತು ಅಂತ ಫೋನನ್ನು ಅದರ ಬಾಯಿಗೆ ಹಿಡಿದೆಯಲ್ಲ, ನಾನು "ಕೆಲಸ ಇದೆ" ಅಂತ ಇಟ್ಟುಬಿಟ್ಟೆ. ಆಮೇಲಿನ ಫೋನುಗಳನ್ನೂ ಎತ್ತಲಿಲ್ಲ. ಪೂರ್ತಿ ಓದು, ಆಮೇಲೆ ಬೈ.

ಇಲ್ಲಿ ಮೂರನೇ ನಂಬರಿನ ಫೋರ್ಕ್‌ಲಿಫ್ಟ್ ಕೈಕೊಟ್ಟಿತ್ತು. ಗೇರ್ ಹಾಕಿದರೆ ಹೊರಡಲು ಮೀನಮೇಷ ಎಣಿಸೋದು. ಇಳಿಜಾರಿನಲ್ಲಿ ಎಂಜಿನ್ ಸದ್ದು ಏರುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ನಿನ್ನ ಮಾವನ ವೈದ್ಯ ಗೊತ್ತಲ್ಲ: ಉದ್ದ ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ, ಹಿಡಿ ಕಿವಿಗೆ. ನಾಲ್ಕನೇ ಕ್ಲಾಸಿಗೇ ಮೇಷ್ಟ್ರಿಗೆ ಕೈಮುಗಿದವನು ಡಿಗ್ರಿಯವರಿಗೆ ಪಾಠ ಹೇಳಿದ್ದು ಈ ಕಿವಿಯಿಂದಲೇ! ಎಲ್ಲರೂ ಸುತ್ತ ನಿಂತಿದ್ದರು. ಕಣ್ಣು ಮುಚ್ಚಿ ತಲೆಯಾಡಿಸಿ, "ಕ್ಲಚ್ ಪ್ಲೇಟು ಸುಟ್ಟಿದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ್ದಾಳೆ" ಅಂದುಬಿಟ್ಟೆ.

ಓಡಿಸುವಾಕೆ ಹನ್ನೆರಡು ವರ್ಷದಲ್ಲಿ ಒಂದು ಪೆಟ್ಟಿಗೆಯನ್ನೂ ಬೀಳಿಸಿದವಳಲ್ಲ. "ಅಣ್ಣಾ, ನಾನು ಹಾಗೆ ಓಡಿಸೋಳಲ್ಲ! ಕುಂಯ್ ಅಂತಿದೆ, ಒಂದ್ಸಲ ಎಣ್ಣೆ ನೋಡ್ಬಾರ್ದಾ?" ಅಂತ ಕೂಗಿದಳು.

"ಓಡಿಸೋದು ನಿನ್ನ ಕೆಲಸ, ಕೇಳಿಸ್ಕೊಳ್ಳೋದು ನಂದು!" ಅಂದೆ. ಎಲ್ಲ ನಕ್ಕರು. ಮ್ಯಾನೇಜರು ಅವತ್ತೇ ಅವಳನ್ನು ಸೀಟಿನಿಂದ ಇಳಿಸಿ ಪೆಟ್ಟಿಗೆ ಹೊರಲು ಹಾಕಿದರು.

ಎರಡು ದಿನ ಗೇರ್‌ಬಾಕ್ಸ್ ಬಿಚ್ಚಿದೆ. ಪ್ಲೇಟುಗಳು ಹೊಸದರ ಹಾಗಿದ್ದವು. ಎಣ್ಣೆಯೇ ಅರ್ಧದಷ್ಟೂ ಇರಲಿಲ್ಲ. ಪೈಪಿನ ಜಾಯಿಂಟು ಸಡಿಲವಾಗಿ ಸೋರಿಹೋಗಿತ್ತು. ಅಳತೆಕಡ್ಡಿ ಎಳೆದು ನೋಡಿದ್ದರೆ ಎರಡು ನಿಮಿಷದ ಕೆಲಸ.

ಜಾಯಿಂಟು ಬಿಗಿದು, ಎಣ್ಣೆ ತುಂಬಿ, ಬಾಯಿ ಮುಚ್ಚಿಕೊಂಡೆ. ಗಾಡಿ ಜಿಂಕೆ ಹಾಗೆ ಇಳಿಜಾರು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ಹೊತ್ತ ಪೆಟ್ಟಿಗೆ ಕೆಳಗಿಟ್ಟು ತಟ್ಟಿದಳು. ಪುಟ್ಟೀ, ಅದು ನನ್ನ ಕೆನ್ನೆಗೇ ಬಿತ್ತು.

ಇವತ್ತು ಬೆಳಿಗ್ಗೆ ಎಲ್ಲರೆದುರು ಮ್ಯಾನೇಜರಿಗೆ ಹೇಳಿದೆ: "ತಪ್ಪು ಅವಳದ್ದಲ್ಲ. ಎಣ್ಣೆ ನೋಡದ ಉದಾಸೀನ ನಂದು." ಅವಳಿಗೆ ಸೀಟು ಮತ್ತೆ ಸಿಕ್ಕಿತು. ಕೀಲಿ ತಗೊಳ್ಳುವಾಗ ಏನೋ ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಮಗುವಿನ ಆಯಸ್ಸು ಫೋರ್ಕ್‌ಲಿಫ್ಟ್ ಸರಪಳಿಯಷ್ಟು ಗಟ್ಟಿಯಾಗಿರಲಿ.

ನಿನ್ನ ಮಾವ,
ಗೇರ್‌ಬಾಕ್ಸ್ ಡಾಕ್ಟರ್ (ಬೋರ್ಡು ಸದ್ಯ ಕಳಚಿದೆ)

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಇರಲಿಲ್ಲ. ಅವಳು ಕೇಳಿದ್ದನ್ನು ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟಳು: "ಅಣ್ಣಾ, ಆ ಕುಂಯ್ ನಿಮಗೆ ಕೇಳಿಸಲೇ ಇಲ್ಲ ಅಲ್ವಾ?" ಉದಾಸೀನ ಅಂದಿದ್ದೂ ಸುಳ್ಳೇ. ವರ್ಷವಾಯಿತು ಪುಟ್ಟೀ, ಕೂಗಿದರೆ ಕೇಳುತ್ತೆ, ಸಣ್ಣ ದನಿ ಒಂದೂ ಇಲ್ಲ. ಇನ್ನು ಫೋನು ಬೇಡ, ಕಾಗದ ಹಾಕು. ಅವತ್ತು ಮಗು ಏನಂತು? ಬರೆದು ಕಳಿಸು.