ಗುಂಡನ ಉಗುರು

ಜೂನ್ 13, ಶುಕ್ರವಾರ. ಅರಸೀಕೆರೆ.

ಗುಂಡನ ಉಗುರು ಇವತ್ತೂ ಹಾಗೇ ಉಳಿಯಿತು. ಗುಂಡನಂಥ ಬಿಯರ್ಡೆಡ್ ಡ್ರ್ಯಾಗನ್, ಅಂದರೆ ವಿದೇಶಿ ಓತಿಕ್ಯಾತ, ಸಾಕುವುದು ಸುಲಭ, ಅತ್ತೆ ಇರುವ ಮನೆಯಲ್ಲಿ ಸಾಕುವುದು ಕಷ್ಟ. ಬೆಳಿಗ್ಗೆ ಉಗುರು ಕರ್ಟನ್ನಿಗೆ ಸಿಕ್ಕಿ ಕಿತ್ತೇ ಬರುವಂತಿತ್ತು. ಸಂಜೆ ಅವನನ್ನು ಟವೆಲಿನಲ್ಲಿ ಸುತ್ತಿ, ಉಗುರೊಳಗಿನ ರಕ್ತನಾಳ ಕಾಣುವಂತೆ ಹಿಂದಿನಿಂದ ಟಾರ್ಚ್ ಬಿಟ್ಟು, ತುದಿಗಷ್ಟೇ ಕಟರ್ ಇಟ್ಟಿದ್ದೆ. ಅವನೂ ಅಪರೂಪಕ್ಕೆ ಸುಮ್ಮನಿದ್ದ. ಅತ್ತೆ ಬಂದು ಕಟರ್ ಕಸಿದುಕೊಂಡರು.

"ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಉಗುರು ತೆಗೀತಾರೇನೇ?"

"ಓತಿಕ್ಯಾತಕ್ಕೆ ಎಂಥ ಶುಕ್ರವಾರ ಅತ್ತೆ?"

"ಓತಿಕ್ಯಾತ ಬೇಲಿ ಮೇಲೈತೆ. ಇವ್ನು ನಮ್ಮನೆಯೋನು ಕಣೇ."

ಇವನನ್ನು ತಂದ ದಿನ ಬೇಲಿಗೆ ಬಿಟ್ಟು ಬಾ ಎಂದವರೂ ಇವರೇ. ನಾಳೆ ಶನಿವಾರ, ಅದೂ ಆಗುವುದಿಲ್ಲವಂತೆ.

ಈಗ ಅವನ ಉಗುರು ಅವರ ಸೆರಗಿಗೇ ಸಿಕ್ಕಿದೆ. ಕಿತ್ತುಹೋದೀತೆಂದು ಅಲ್ಲಾಡದೆ ಕೂತು ನನ್ನನ್ನು ಕರೆಯುತ್ತಿದ್ದಾರೆ. ಸ್ವಲ್ಪ ಹೊತ್ತು ಕೂತಿರಲಿ.