ಸೇಬಿನ ಶೆಡ್ಡಿನ ರೋಲರ್

ಡಿಸೆಂಬರ್ 6

ನನ್ನ ಗಂಡ ಶೊಹೆಯ್ ಕತ್ತಲಿರುವಾಗಲೇ ಹೊರಟರು. ಊರಿನ ರಸ್ತೆಗಳ ಹಿಮ ತಳ್ಳುವ ಗಾಡಿ ಓಡಿಸುವುದು — ಮಾರ್ಚ್‌ವರೆಗೂ ಇದೇ ಅವರ ಕೆಲಸ. ಉಳಿದ ಮಿಸೋ ಸಾರು ಬಿಸಿ ಮಾಡಿ ಕುಡಿದೆ. ಬಲಗಾಲಿಗೆ ಎರಡು ಕಾಲುಚೀಲ. ಗೋಡೆ ಹಿಡಿದುಕೊಂಡು ಪಕ್ಕದ ಶೆಡ್ಡಿನವರೆಗೆ ಹೋದೆ, ವಾಪಸ್ ಬಂದೆ. ಇವತ್ತಿನ ಪ್ರಯಾಣ ಮುಗಿಯಿತು.

ಶೆಡ್ಡಿನಲ್ಲಿ ನನ್ನ ಮೂರು ಗಾಲಿಯ ಸೈಕಲ್. ಶೊಹೆಯ್ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದಾರೆ. ಹೆಣಕ್ಕೆ ಬಿಗಿದ ಹಾಗೆ.

ಸ್ಟ್ರೋಕ್ ಆದ ಮೇಲೆ ಎರಡು ಗಾಲಿಯದು ನನ್ನ ಮಾತು ಕೇಳಲಿಲ್ಲ. ಇದು ಕೇಳಿತು. ಎರಡು ಬೇಸಿಗೆ ಎಲ್ಲಿಗೆ ಬೇಕೋ ಅಲ್ಲಿಗೆ ಹೋದೆ — ಪೋಸ್ಟ್ ಆಫೀಸು, ಗೆಳತಿ ಟೊಕಿಯೆಯ ತೋಟ, ಕೆಲವೊಮ್ಮೆ ಎಲ್ಲಿಗೂ ಅಲ್ಲ, ಸುಮ್ಮನೆ. ಅಕ್ಟೋಬರ್‌ನಲ್ಲಿ ಕಾಲುವೆಯ ತಿರುವಿನಲ್ಲಿ ಮಗುಚಿಕೊಂಡೆ. ನೀರು ಮೊಣಕಾಲಷ್ಟೂ ಇರಲಿಲ್ಲ. ಆದರೆ ಏಳಲಾಗಲಿಲ್ಲ. ಟೊಕಿಯೆ ಆ ದಾರಿಯಲ್ಲಿ ಬರುವವರೆಗೆ ಹಾಗೇ ಬಿದ್ದಿದ್ದೆ.

ಅಂದಿನಿಂದ ಶೊಹೆಯ್‌ದು ಒಂದೇ ಮಾತು — "ಅದರ ಕಥೆ ಮುಗೀತು."

ಡಿಸೆಂಬರ್ 11

ಟೊಕಿಯೆ ಬಂದಿದ್ದಳು. ಗಂಡ ತೀರಿಕೊಂಡ ಮೇಲೂ ಸೇಬಿನ ತೋಟ ಒಬ್ಬಳೇ ನಡೆಸುತ್ತಾಳೆ. ಯಾರನ್ನೂ ಕೇಳಿ ಮಾಡುವವಳಲ್ಲ. ಕೇಳದೆಯೇ ನನ್ನ ಬಲಗಾಲು ಒತ್ತಿ ನೋಡಿದಳು.

"ಏನೇ ಇದು, ಮೂಲಂಗಿ ಥರ ಆಗಿದೆ. ಅದೂ ಒಣಗಕ್ಕೆ ನೇತುಹಾಕಿದ ಮೂಲಂಗಿ."

"ಹಿಮ ಕರಗೋವರೆಗೆ ಏನು ಮಾಡ್ಲಿ? ಮನೆಯೊಳಗೆ ಸೈಕಲ್ ತುಳೀಲಾ?"

ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ರೇಸಿನವರು ರೋಲರ್ ಮೇಲೆ ಸೈಕಲ್ ಇಟ್ಟು ಇದ್ದಲ್ಲೇ ತುಳಿಯುವುದನ್ನು ಟೀವಿಯಲ್ಲಿ ನೋಡಿದ್ದಾಳಂತೆ. ಫೋನಿನಲ್ಲಿ ಹುಡುಕಿದೆವು. ಸಿಕ್ಕಿದ್ದೆಲ್ಲ ಎರಡು ಗಾಲಿಯವಕ್ಕೆ. ಮೂರು ಗಾಲಿಗೆ ಆಗುವಂಥದ್ದು ಒಂದಿತ್ತು, ಬೆಲೆ ನೋಡಿ ಟೊಕಿಯೆ ಫೋನನ್ನು ಕವುಚಿ ಇಟ್ಟಳು.

"ನನ್ನ ಶೆಡ್ಡಲ್ಲಿ ಹಳೇ ಕನ್ವೇಯರ್ ಬಿದ್ದಿದೆ. ಅಷ್ಟು ವರ್ಷ ಸೇಬು ಉರುಳಿಸ್ತು. ನಿನ್ನನ್ನ ಉರುಳಿಸಲ್ವಾ?"

"ಸೇಬಿಗೂ ನನಗೂ ತೂಕದಲ್ಲಿ ವ್ಯತ್ಯಾಸ ಇದೆ ಕಣೆ."

"ಎರಡು ಪೆಟ್ಟಿಗೆ ಜಾಸ್ತಿ ಅಂದ್ಕೋ. ಅಷ್ಟೇ."

ಡಿಸೆಂಬರ್ 19

ಕನ್ವೇಯರಿನಿಂದ ಬಿಚ್ಚಿದ ಉದ್ದನೆಯ ಎರಡು ರೋಲರ್. ಕಬ್ಬಿಣದ ಕೊಳವೆ, ಎರಡೂ ತುದಿಗೆ ಬೇರಿಂಗ್. ಬೆರಳಲ್ಲಿ ತಳ್ಳಿದರೆ ಸಾಕು, ತಿರುಗುತ್ತಲೇ ಇರುತ್ತದೆ. ಹಿಂದಿನ ಎರಡು ಗಾಲಿಯೂ ಅದರ ಮೇಲೆ ಕೂರಬೇಕು, ಎರಡು ಕೊಳವೆಯ ನಡುವಿನ ಹಳ್ಳದಲ್ಲಿ. ಮುಂದಿನ ಗಾಲಿ ಸುಮ್ಮನೆ ಒಂದು ದಿಮ್ಮಿಯ ಮೇಲೆ.

ಚೌಕಟ್ಟಿಗೆ ಹಳೇ ಬಾಗಿಲಿನ ಹಲಗೆ. ಟೊಕಿಯೆ ಗರಗಸ ಹಿಡಿದಳು, ನಾನು ಹಲಗೆಯ ಮೇಲೆ ಕೂತೆ — ಅಲುಗಾಡದಿರಲು ಭಾರ ಬೇಕಲ್ಲ. ಕೊಳವೆಗಳನ್ನು ದೂರ ಇಟ್ಟರೆ ಗಾಲಿ ಹೂತುಕೊಳ್ಳುತ್ತದೆ. ಹತ್ತಿರ ಇಟ್ಟರೆ ಹೊರಗೆ ಹಾರುತ್ತದೆ. ಕೊರೆದದ್ದನ್ನೇ ಮತ್ತೆ ಮತ್ತೆ ಕೊರೆದೆವು. ಬಲಗೈಯಲ್ಲಿ ಮೊಳೆ ಹಿಡಿದೆ. ಬಿತ್ತು. ಹಿಡಿದೆ. ಬಿತ್ತು. ಟೊಕಿಯೆ ಬೇರೆ ಕಡೆ ನೋಡುತ್ತಾ ಕಾದಳು. ಅವಳಿಗೆ ಕಾಯುವುದು ಬರುತ್ತದೆ ಎಂದು ಗೊತ್ತಿರಲಿಲ್ಲ.

ಸಂಜೆ ಶೊಹೆಯ್: "ಶೆಡ್ಡಲ್ಲಿ ಏನು ಕುಟ್ಟೋ ಸದ್ದು?"

"ಟೊಕಿಯೆ ಏನೋ ಪೆಟ್ಟಿಗೆ ಮಾಡ್ತಿದ್ದಾಳೆ."

ಊಟ ಮಾಡುತ್ತಲೇ ನಿದ್ದೆ ಹೋದರು.

ಡಿಸೆಂಬರ್ 21

ಹತ್ತಿದೆ. ತುಳಿದೆ. ತಿರುಗಿತು! ಆಮೇಲೆ ಸೈಕಲ್ಲಿನ ಹಿಂಭಾಗ ಮೆಲ್ಲಗೆ ಎಡಕ್ಕೆ ಜಾರತೊಡಗಿತು… ಗಾಲಿ ಕೊಳವೆಯ ತುದಿ ದಾಟಿ ಹಲಗೆ ಕಚ್ಚಿತು. ನಾನು ಅಕ್ಕಿಮೂಟೆಯ ಮೇಲೆ. ಪೆಟ್ಟಾಗಲಿಲ್ಲ.

ಟೊಕಿಯೆ ಹೇಳಿದ್ದು: "ಕಾಲುವೆಗಿಂತ ಅಕ್ಕಿ ಮೇಲು."

ಜನವರಿ 9

ಹೊಸ ವರ್ಷದ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಈಗ ಹಿಂದಿನ ಕಂಬಿಗೆ ಎರಡೂ ಕಡೆಯಿಂದ ಹಗ್ಗ, ಶೆಡ್ಡಿನ ಕಂಬಗಳಿಗೆ ಬಿಗಿದಿದ್ದೇವೆ. ಜಾರುವುದಿಲ್ಲ. ಆದರೆ ತುಳಿಯುವುದು ಗಾಳಿ ತುಳಿದ ಹಾಗಿತ್ತು, ಕಾಲಿಗೆ ಏನೂ ಸಿಗದು. ಕನ್ವೇಯರಿನ ಹಳೇ ಬೆಲ್ಟಿನ ಚೂರನ್ನು ಕೊಳವೆಯ ಮೇಲೆ ಹಾಸಿ, ಅದರ ಒಂದು ತುದಿ ಹಲಗೆಗೆ ಮೊಳೆ ಹೊಡೆದು, ಇನ್ನೊಂದಕ್ಕೆ ನೀರಿನ ಬಾಟಲಿ ನೇತುಹಾಕಿದೆ. ಕಾಲುಭಾಗ ನೀರಿದ್ದರೆ ಬಯಲಲ್ಲಿ ತುಳಿದ ಹಾಗೆ. ತುಂಬು ಬಾಟಲಿ ಗುಡ್ಡ. ಇದು ನನ್ನದೇ ಯೋಚನೆ, ಟೊಕಿಯೆಯದಲ್ಲ. ಬರೆದಿಡುತ್ತೇನೆ.

ಎಡಗಾಲು ತುಳಿದಾಗ ಗುರ್ ಎನ್ನುತ್ತದೆ. ಬಲಗಾಲಿನ ಸರದಿಗೆ ಸದ್ದು ಇಳಿದುಹೋಗುತ್ತದೆ. ಕಣ್ಣು ಮುಚ್ಚಿದರೆ ಯಾರೋ ಕುಂಟುತ್ತಾ ದೂರ ಹೋಗುತ್ತಿರುವ ಹಾಗೆ. ಅದು ನಾನೇ.

ಮುಗಿದ ಮೇಲೆ ಎಲ್ಲದಕ್ಕೂ ಟಾರ್ಪಾಲು. ಶೊಹೆಯ್‌ಗೆ ಹೇಳಿಲ್ಲ. ಹೇಳುತ್ತೇನೆ.

ಜನವರಿ 23

ಬೆಳಿಗ್ಗೆ ತುಳಿಯುತ್ತಿದ್ದೆ. ಹೊರಗೆ ಟ್ರಕ್ ನಿಂತ ಸದ್ದು. ಶೆಡ್ಡಿನ ಬಾಗಿಲು ತೆಗೆದದ್ದು ಕುಡೊ — ಶೊಹೆಯ್ ಜೊತೆ ಹಿಮದ ಗಾಡಿಯಲ್ಲಿ ಕೆಲಸ ಮಾಡುವವ. ಕೈಯಲ್ಲಿ ಹಗ್ಗ.

ನನ್ನನ್ನು ನೋಡಿದ. ರೋಲರ್ ನೋಡಿದ. ಟೋಪಿ ತೆಗೆದ.

"ಅಕ್ಕಾ… ಅಣ್ಣ ಹೇಳಿದ್ರು, ಈ ಸೈಕಲ್ ಯಾರೂ ಮುಟ್ಟಲ್ಲ, ನಿಮ್ಮಮ್ಮನಿಗೆ ತಗೊಂಡೋಗು ಅಂತ."

ಕಾಲು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ.

"ಸ್ವಲ್ಪ ತಾಳಪ್ಪ. ಈ ಗುಡ್ಡ ಹತ್ತಿಬಿಡ್ತೀನಿ."

ಪಾಪ, ನಿಂತೇ ಇದ್ದ. ಎಷ್ಟು ಹೊತ್ತಾದರೂ ಗುಡ್ಡ ಮುಗಿಯಲಿಲ್ಲ. ಕೊನೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. "ಅಮ್ಮನಿಗೆ ಬೇರೆ ಏನಾದ್ರೂ ನೋಡ್ತೀನಿ, ಬಿಡಿ" ಎಂದು ಬಾಗಿಲು ಎಳೆದುಕೊಂಡು ಹೋದ.

ಅದೇ ದಿನ, ಸಂಜೆ

ಶೊಹೆಯ್ ಬೂಟು ಬಿಚ್ಚಲಿಲ್ಲ. ಹೊಸ್ತಿಲಲ್ಲೇ ನಿಂತು ಮಾತು.

"ಕುಡೊ ಮುಂದೆ ನನ್ನ ಮರ್ಯಾದೆ ತೆಗೆದೆ."

"ನನ್ನ ಸೈಕಲ್ಲು. ನನ್ನ ಕೇಳಿದ್ರಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು."

ಬೂಟಿನ ಹಿಮ ಕರಗಿ ನೆಲದ ಮೇಲೆ ಹರಿಯಿತು. ಆಮೇಲೆ, ಯಾರಿಗೋ ಹೇಳುವ ಹಾಗೆ —

"ಆ ತಿರುವಿನ ಹಿಮ ದಿನಾ ನಾನೇ ತಳ್ಳೋದು. ಕಾಲುವೆ ಈಗ ಕಾಣಲ್ಲ, ಮುಚ್ಚಿಹೋಗಿದೆ. ಆದ್ರೂ ಗಾಡಿ ನಿಲ್ಲಿಸ್ತೀನಿ. ಇಳಿದು ನೋಡ್ತೀನಿ. ಏನು ನೋಡ್ತೀನೋ ನಂಗೇ ಗೊತ್ತಿಲ್ಲ."

"ಅಲ್ಲಿ ನಾನಿಲ್ಲ. ಇಲ್ಲಿದೀನಿ. ಇಲ್ಲಿ ನೋಡಿ."

ನೋಡಲಿಲ್ಲ. ಸ್ನಾನಕ್ಕೆ ಹೋದರು.

ಫೆಬ್ರವರಿ 3

ಮಾತಿಲ್ಲ. ತುಳಿದೆ.

ಫೆಬ್ರವರಿ 15

ಮಧ್ಯಾಹ್ನ ತುಳಿಯುವಾಗ ಬಾಗಿಲಲ್ಲಿ ಶೊಹೆಯ್. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಸದ್ದು ಮೊದಲಿನ ಥರ ಕುಂಟಲ್ಲ ಈಗ."

ಮೊದಲಿನದು ಇವರಿಗೆ ಹೇಗೆ ಗೊತ್ತು? ಪಾಳಿ ಮುಗಿಸಿ ಬಂದು ಮಲಗಿರುತ್ತಾರೆ ಎಂದುಕೊಂಡಿದ್ದೆ… ಕೇಳಲಿಲ್ಲ.

"ಆದ್ರೆ ಇದರ ಮೇಲೆ ನೇರ ಹೋಗೋದು ಮಾತ್ರ ಬರುತ್ತೆ. ನೀನು ಬಿದ್ದಿದ್ದು ತಿರುವಲ್ಲಿ."

ನಿಜ. ಎರಡು ತಿಂಗಳಿಂದ ನನಗೂ ಗೊತ್ತಿದ್ದ ಮಾತು. ಕಟ್ಟಿಹಾಕಿದ ಸೈಕಲ್ ಕಾಲಿಗೆ ಬಲ ಕೊಡುತ್ತದೆ. ತಿರುಗುವುದನ್ನು ಕಲಿಸುವುದಿಲ್ಲ. ಇವರ ಬಾಯಿಂದ ಕೇಳಿ ಸಿಟ್ಟು ಬಂತು. ಸಿಟ್ಟಿನಲ್ಲಿ ಚೆನ್ನಾಗಿ ತುಳಿದೆ.

ಮಾರ್ಚ್ 10

"ಕೋಟು ಹಾಕ್ಕೋ" ಎಂದರು. ಹಗ್ಗ ಬಿಚ್ಚಿ ಸೈಕಲನ್ನು ಪುಟ್ಟ ಟ್ರಕ್ಕಿಗೆ ಏರಿಸಿದರು. ಮುಚ್ಚಿಹೋದ ಸೂಪರ್‌ಮಾರ್ಕೆಟ್ಟಿನ ಮುಂದಿನ ಬಯಲು. ಅಲ್ಲಿನ ಹಿಮ ತಳ್ಳಿ ದಾರಿ ಮಾಡಿದ್ದಾರೆ — ಒಂದು ನೇರ, ಆಮೇಲೆ ಎಡಕ್ಕೆ, ಬಲಕ್ಕೆ, ಸುತ್ತಿ ಮತ್ತೆ ಎಡಕ್ಕೆ. ಎರಡೂ ಬದಿಗೆ ಮೆತ್ತನೆಯ ಹಿಮದ ಗೋಡೆ. ಬೆಳಗಿನ ಪಾಳಿ ಮುಗಿಸಿ ಮಾಡಿದ್ದಂತೆ. ಕುಡೊ ಕೂಡ ಕೈಜೋಡಿಸಿದ್ದಾನೆ.

"ಬಿದ್ರೆ ಹಿಮದ ಮೇಲೆ ಬೀಳು" ಎಂದರು, ಅಷ್ಟೇ.

ಬಿದ್ದೆ. ಮೂರನೆಯ ತಿರುವಿನಲ್ಲಿ. ಎರಡು ಗಾಲಿಯ ಸೈಕಲ್ಲಿನ ಹಾಗೆ ಇದನ್ನೂ ಓರೆ ಮಾಡಲು ಹೋದೆ. ಇದು ಓರೆಯಾಗುವುದಿಲ್ಲ, ನಾವೇ ಒಳಗಡೆಗೆ ಮೈ ಚಾಚಬೇಕು. ಸೊಂಟದವರೆಗೆ ಹಿಮದಲ್ಲಿ ಹೂತೆ. ತಲೆಯೆತ್ತಿ ನೋಡಿದರೆ ಶೊಹೆಯ್ ದೂರದಲ್ಲಿ. ಎರಡೂ ಮುಷ್ಟಿ ಬಿಗಿದಿತ್ತು. ಒಂದು ಹೆಜ್ಜೆ ಇಟ್ಟರು. ನಿಂತರು.

ಬರಲಿಲ್ಲ.

ಎಡಗೈ ಊರಿದೆ. ಮಂಡಿ. ಸೀಟು ಹಿಡಿದೆ, ಜಾರಿತು, ಮತ್ತೆ ಹಿಡಿದೆ. ಬಲಗಾಲನ್ನು ನೆಲಕ್ಕೆ ಒತ್ತಿದೆ. ನೆಲ ಸಿಕ್ಕಿತು. ಎದ್ದೆ.

ಸೈಕಲ್ ಏರಿಸಿಕೊಂಡು ವಾಪಸ್ ಹೊರಟೆವು. ಅವರು ಇಡೀ ಚಳಿಗಾಲ ಮಾಡಿದ ಕೆಲಸದಲ್ಲಿ ಹಾಗೆ ದೂರ ನಿಂತದ್ದೇ ಎಲ್ಲಕ್ಕಿಂತ ಕಷ್ಟದ್ದು ಇರಬೇಕು.

ಏಪ್ರಿಲ್ 14. ಬೆಳಿಗ್ಗೆ

ರಸ್ತೆ ಒಣಗಿದೆ. ಟೊಕಿಯೆಯ ತೋಟದವರೆಗೆ ಹೋಗಿಬರುತ್ತೇನೆ ಎಂದೆ. ಟ್ರಕ್ಕಿನ ಕೀ ಕೈಗೆ ತೆಗೆದುಕೊಂಡರು. ನನ್ನ ಮುಖ ನೋಡಿದರು. ಮೊಳೆಗೆ ವಾಪಸ್ ತಗುಲಿಹಾಕಿದರು. ಈ ಪುಸ್ತಕವನ್ನೂ ಬುಟ್ಟಿಗೆ ಹಾಕಿಕೊಂಡಿದ್ದೇನೆ.

ಅದೇ ದಿನ, ಹನ್ನೊಂದೂವರೆ

ಪಕ್ಕದ ಊರಿನ ಬಸ್ ಸ್ಟಾಪಿನ ಬೆಂಚು. ಇಷ್ಟು ದೂರ ಬರುವ ಯೋಚನೆ ಇರಲಿಲ್ಲ. ಕಾಲುವೆಯ ತಿರುವಿನಲ್ಲಿ ವೇಗ ಇಳಿಸಿದೆ, ಮೈಯನ್ನು ಒಳಗೆ ಚಾಚಿದೆ — ದಾಟಿದ್ದೇ ತಿಳಿಯಲಿಲ್ಲ. ಟೊಕಿಯೆ ಏಣಿಯ ಮೇಲೆ ಕೊಂಬೆ ಸವರುತ್ತಿದ್ದಳು. "ನಿಲ್ಲಲ್ವೇನೇ?" "ಇಲ್ಲ ಕಣೆ." "ಸೊಕ್ಕು ನೋಡು" ಎಂದಳು. ಕಾಲು ಇನ್ನೂ ಹೋಗೋಣ ಎನ್ನುತ್ತಿತ್ತು. ಬಂದೆ.

ಫೋನು. ಶೊಹೆಯ್.

"ಟೊಕಿಯೆ ಹೇಳಿದ್ಲು, ದಾಟಿ ಹೋದ್ಲು ಅಂತ. ಎಲ್ಲಿದೀಯ?"

ಹೇಳಿದೆ. ಅಲ್ಲೇ ಇರು, ಬರ್ತೀನಿ ಎನ್ನುತ್ತಾರೆ ಎಂದು ಕಾದೆ.

"ಅಲ್ಲೊಂದು ತೋಫು ಅಂಗಡಿ ಇದೆಯಲ್ಲ, ಸೇತುವೆ ಹತ್ರ… ಬರ್ತಾ ಒಂದು ತಗೊಂಬಾ. ಗಟ್ಟಿದು."

ಇಟ್ಟುಬಿಟ್ಟರು.

ಕಾಯಿಲೆ ಬಿದ್ದ ಮೇಲೆ ಈ ಮನೆಯಲ್ಲಿ ಯಾರೂ ನನಗೆ ಏನನ್ನೂ ತರಲು ಹೇಳಿರಲಿಲ್ಲ.

ಅಂಗಡಿ ಹನ್ನೆರಡಕ್ಕೆ ಮುಚ್ಚುತ್ತದೆ. ಸೇತುವೆಯ ಕಡೆ ಏರು ಬೇರೆ. ತೋಫು, ಆಮೇಲೆ ಈರುಳ್ಳಿ ಸೊಪ್ಪೂ ಸಿಕ್ಕಿದರೆ —