ಹಸನು ಮಾಡಿದ ಕಲ್ಲು

ಶ್ರೀ ದೊಡ್ಡಬಸವೇಶ್ವರ ಪ್ರಸನ್ನ

ಕುರುಗೋಡು
12 ಮೇ 1952, ಸೋಮವಾರ

ಸಿರುಗುಪ್ಪದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ನನ್ನ ಮಗಳು ಚಿ. ಸೌ. ಗುರುಬಸಮ್ಮಳಿಗೆ ಅವ್ವ ಕೊಟ್ರಬಸಮ್ಮನ ಆಶೀರ್ವಾದಗಳು. ಮೊಮ್ಮಗಳು ಹಂಪಮ್ಮಳಿಗೆ ಎರಡು ಕೆನ್ನೆಗೂ ಮುತ್ತು.

ಅಕ್ಷರ ಯಾರದೆಂದು ಲಕೋಟೆ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ. ಹರಿದು ಒಲೆಗೆ ಹಾಕಬೇಡ. ಬರೆಯುತ್ತಿರುವವನು ನಿನ್ನ ಗಂಡ ಮರಿಬಸಪ್ಪ, ಹೇಳುತ್ತಿರುವವಳು ನಾನು. ಓಣಿಯಲ್ಲಿ ಬರೆಯಬಲ್ಲವರು ಇನ್ನೂ ನಾಲ್ಕು ಜನ ಇದ್ದಾರೆ. ಆದರೆ ಈ ಮಾತು ಹೊರಗಿನವರ ಕೈಯಲ್ಲಿ ಬರೆಸುವಂಥದ್ದಲ್ಲ. ನಾನು ಹೇಳಿದ್ದನ್ನು ಇವನು ಪುಸ್ತಕದ ಕನ್ನಡ ಮಾಡಿ ಬರೆಯುತ್ತಾನೆ, ಅದಕ್ಕೆ ನಗಬೇಡ.

ಉಭಯ ಕುಶಲೋಪರಿ ಎಂದು ಶುರು ಮಾಡಲು ಹೋದ, ಬೇಡ ಅಂದೆ. ಇಲ್ಲಿ ಕುಶಲ ಇಲ್ಲ, ಅಲ್ಲಿಯೂ ಇದ್ದಹಾಗೆ ಕಾಣುವುದಿಲ್ಲ. ನನ್ನ ಎರಡೂ ಕಣ್ಣಿಗೆ ಪೊರೆ ಮುಚ್ಚಿದೆ. ಹದಿನೈದು ದಿನಕ್ಕೊಮ್ಮೆ ಇವನು ಬಳ್ಳಾರಿಯಿಂದ ರೇಷನ್ ಜೋಳ ತಂದು ಹಾಕಿ, ಕೊಡಗಳಿಗೆ ನೀರು ತುಂಬಿಟ್ಟು, ಸಂಜೆ ಬಸ್ಸಿಗೆ ಹೋಗುತ್ತಾನೆ. ಮಗಳು ಬಿಟ್ಟುಹೋದರೂ ಅಳಿಯ ಅತ್ತೆಗೆ ನೀರು ಹೊರುತ್ತಾನೆ ಎಂದು ಬಾವಿಯ ಹತ್ತಿರ ಹೆಂಗಸರು ನಗುತ್ತಾರೆ. ನಗಲಿ. ಅಳಿಯ ಆಗುವ ಮೊದಲು ಇವನು ನನ್ನ ತಮ್ಮನ ಮಗ, ನನ್ನ ಸೆರಗಿಗೆ ಮೂಗು ಒರೆಸಿ ಬೆಳೆದವನು. ಇದನ್ನು ಬರೆಯುವುದಿಲ್ಲ ಅಂದ, ಬಿಡದೆ ಬರೆಸಿದೆ.

ಈಗ ವಿಷಯ. ಇದೇ ಇಪ್ಪತ್ನಾಲ್ಕನೇ ತಾರೀಖು ಶನಿವಾರ ಇವನು ಬಳ್ಳಾರಿ ಬಿಡುತ್ತಾನೆ. ಗುಂತಕಲ್ಲಿನಲ್ಲಿ ಬೊಂಬಾಯಿ ಗಾಡಿ ಹಿಡಿದು, ಅಲ್ಲಿಂದ ಹಡಗು ಹತ್ತಿ ಆಫ್ರಿಕಾಕ್ಕೆ. ಯಾವುದೋ ಗಣಿಯಲ್ಲಿ ಗುಮಾಸ್ತೆ ಕೆಲಸವಂತೆ, ಐದು ವರ್ಷದ ಕರಾರಂತೆ. ನಮ್ಮ ಕಲ್ಲು ಬೇಡ ಎಂದ ಅಮೆರಿಕಾದವರು ಈಗ ಅಲ್ಲಿಯ ಕಲ್ಲು ಕೊಳ್ಳುತ್ತಾರಂತೆ, ಇವನೂ ಅದರ ಹಿಂದೆ ಹೊರಟಿದ್ದಾನೆ. ನೀನು ಬಂದು ಇರು ಅಂದರೆ ಇರುತ್ತಾನೆ. ಬಾಯಿಬಿಟ್ಟು ಹೇಳಿಲ್ಲ, ಆದರೆ ನಾನು ಬಲ್ಲೆ. ನೀನು ಯಾಕೆ ಬರುವುದಿಲ್ಲ ಎನ್ನುವುದನ್ನೂ ಬಲ್ಲೆ. ಗಂಡ ಮೋಸಗಾರ, ಅವನಿಂದ ಅರವತ್ತು ಹೆಂಗಸರ ಒಲೆ ಆರಿತು ಎಂದು ತಾನೇ ನೀನು ಕೂಸನ್ನು ಎತ್ತಿಕೊಂಡು ಹೋದದ್ದು? ಆ ಕೆಲಸ ಮಾಡಿದವಳು ನಾನು, ಇವನಲ್ಲ.

ಇಲ್ಲಿ ಪೆನ್ನು ಕೆಳಗಿಟ್ಟ. ಅತ್ತಿ, ಆಗಿದ್ದು ಆತು, ಇದನ್ನ ಬಿಡ್ರಿ ಅಂದ. ಲೇ ಮರಿ, ನಾ ಹೇಳಿದ್ದು ಬರಿ, ಇಲ್ಲಾಂದ್ರ ಈಗಿಂದೀಗ ಸಿರುಗುಪ್ಪದ ಬಸ್ಸು ಹತ್ತತೀನಿ, ಕುರುಡಿ ಎಲ್ಲಿ ಬೀಳ್ತಾಳೋ ನೋಡ್ಕೊಂಡು ಕುಂದ್ರು ಅಂದೆ. ಈಗ ಬರೆಯುತ್ತಿದ್ದಾನೆ.

ಹೋದ ವರ್ಷದ ಕಾರಹುಣ್ಣಿಮೆ ನೆನಪು ಮಾಡಿಕೋ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು, ದವಾಖಾನೆ ಹತ್ತಿರ ಇರಲಿ ಎಂದು ನಾನೇ ಬಳ್ಳಾರಿಗೆ, ಬ್ರೂಸ್‌ಪೇಟೆಯ ನಿಮ್ಮ ಮನೆಗೆ ಬಂದೆ. ಹಂಪಮ್ಮ ಹುಟ್ಟಿ ಒಂಬತ್ತು ದಿನವಾಗಿತ್ತು, ನೀನು ಒಳಕೋಣೆಯಲ್ಲಿ ಮಲಗಿದ್ದೆ. ಆ ದಿನಗಳಲ್ಲಿ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಮೆರಿಕಾದವರು ನಮ್ಮ ದೇಶಕ್ಕೆ ಕಾಳು ಕೊಡುತ್ತಾರಂತೆ, ಅವರ ಉಕ್ಕಿನ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಮ್ಯಾಂಗನೀಸ್ ಕಲ್ಲು ಬೇಕಂತೆ, ದೆಹಲಿಯಲ್ಲಿ ಎರಡೂ ಕಡೆಯ ದೊಡ್ಡವರು ಕೂತು ಮಾತಾಡುತ್ತಿದ್ದಾರಂತೆ. ಇವನು ದಿನಾ ಸಂಜೆ ಪೇಪರ್ ಓದಿ ಹೇಳುತ್ತಿದ್ದ. ಇವನಿದ್ದ ಕಲ್ಲಿನ ಕಂಪನಿಯ ಮ್ಯಾನೇಜರ್ ಚಿದಾನಂದಪ್ಪ ಡಿಪೋದ ಹೆಂಗಸರನ್ನೆಲ್ಲ ಸೇರಿಸಿ, ನೀವು ಆರಿಸೋ ಒಂದೊಂದು ಕಲ್ಲೂ ಒಂದೊಂದು ಹಿಡಿ ಕಾಳು ಅಂದಿದ್ದನಂತೆ. ಅದನ್ನು ಬಂದು ನನಗೆ ಹೇಳಿದವಳು ಮೂಕಮ್ಮ.

ಮೂಕಮ್ಮನನ್ನು ನೀನು ಮರೆತಿರಲಾರೆ. ಸ್ಟೇಷನ್ ಹಿಂದಿನ ಡಿಪೋದಲ್ಲಿ ಕಲ್ಲು ಒಡೆದು ಆರಿಸುತ್ತಿದ್ದ ಅರವತ್ತು ಹೆಂಗಸರಿಗೆ ಅವಳೇ ಹಿರಿಯಳು. ಹೆಸರು ಮೂಕಮ್ಮ, ಆದರೆ ಅವಳು ಬಾಯಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಕೆಲಸ ಬಿಟ್ಟು ಹೋಗುವಾಗ ನಮ್ಮ ಹಿತ್ತಲಿಗೆ ಬಂದು ಕೂತು ಹೋಗುತ್ತಿದ್ದಳು. ನನ್ನ ಕೈ ಕರಿ ಐತಿ ಎಂದು ಕೂಸನ್ನು ಮಾತ್ರ ಮುಟ್ಟುತ್ತಿರಲಿಲ್ಲ, ದೂರದಿಂದಲೇ ಲಟಿಕೆ ಮುರಿಯುತ್ತಿದ್ದಳು. ಕಲ್ಲಿನ ಗುರುತು ನನಗೆ ಕಲಿಸಿದವಳು ಅವಳೇ. ಕರ್ರಗಿದ್ದು, ಕೈಗೆ ಭಾರ ಬಂದು, ಬೆರಳಿಗೆ ಮಸಿ ಹತ್ತಿದರೆ ಅದು ಒಳ್ಳೆಯದು. ಕಂದಗಿದ್ದು ಹಗುರ ಬಂದರೆ ಕಳಪೆ. ಎಷ್ಟು ಆರಿಸಿದರೂ ಮೂರರಲ್ಲೊಂದು ಪಾಲು ಕಂದು ಉಳಿಯುತ್ತದೆ, ಅದನ್ನೂ ತೆಗೆಯುತ್ತ ಕೂತರೆ ವ್ಯಾಗನ್ ತುಂಬುವುದಿಲ್ಲ ಎನ್ನುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಇವನು ಒಂದು ಸಣ್ಣ ಗೋಣಿಚೀಲ ತಂದು ಪಡಸಾಲೆಯಲ್ಲಿಟ್ಟ. ಡಿಪೋದ ಎಲ್ಲ ಗುಡ್ಡೆಗಳಿಂದ ಒಂದಿಷ್ಟೊಂದಿಷ್ಟು ತೆಗೆದು ಬೆರೆಸಿದ ಸ್ಯಾಂಪಲ್ ಕಲ್ಲು ಅಂದ. ಆಫೀಸು ಭಾನುವಾರ ಮುಚ್ಚಿರುತ್ತದೆ, ಸೋಮವಾರ ಬೆಳಗಿನ ಗಾಡಿಗೆ ಇದು ಮದ್ರಾಸಿನಲ್ಲಿರುವ ಅಮೆರಿಕಾದವರ ಏಜೆಂಟರಿಗೆ ಹೋಗಬೇಕು, ಪರೀಕ್ಷೆ ಮಾಡಿ ಒಪ್ಪಿದರೆ ಇಂಥದ್ದೇ ಕಲ್ಲನ್ನು ಹಡಗುಗಟ್ಟಲೆ ಕೊಳ್ಳುತ್ತಾರೆ ಅಂದ. ಹೇಳಿ ನಿನಗೆ ಔಷಧ ತರಲು ಪೇಟೆಗೆ ಹೋದ.

ಆಗ ನನಗೆ ಕಣ್ಣು ಕಾಣುತ್ತಿತ್ತು. ಚೀಲದ ಬಾಯಿ ಬಿಚ್ಚಿ ನೋಡಿದೆ. ಒಳ್ಳೆಯದು, ಕಳಪೆ, ಮಣ್ಣಿನ ಹೆಂಟೆ ಎಲ್ಲ ಒಟ್ಟಿಗೆ ಬಿದ್ದಿದ್ದವು. ನನಗೆ ನಾಚಿಕೆಯಾಯಿತು ಮಗಳೇ. ಬೀಗರ ಮನೆಗೆ ಒಂದು ಸೇರು ಜೋಳ ಕಳಿಸುವಾಗಲೂ ಮೊರಕ್ಕೆ ಹಾಕದೆ ಕಳಿಸಿದವಳಲ್ಲ ನಾನು. ಕಡಲಾಚೆಯವರು ನಮ್ಮ ಹಸಿವು ನೋಡಿ ಕಾಳು ಕೊಡುತ್ತೇವೆ ಅನ್ನುವಾಗ ಇಂಥ ಕಸ ಕಟ್ಟಿ ಕಳಿಸುವುದೇ? ಮೊರ ತಂದು ಕೂತೆ. ಮೂಕಮ್ಮ ಹೇಳಿಕೊಟ್ಟಂತೆ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ, ಕಂದಗಿದ್ದದ್ದನ್ನೆಲ್ಲ ಬಚ್ಚಲ ಮಗ್ಗುಲಿಗೆ ಸುರಿದೆ. ಉಳಿದದ್ದನ್ನು ಚೀಲಕ್ಕೆ ತುಂಬಿ ಬಾಯಿ ಇದ್ದಹಾಗೆ ಕಟ್ಟಿಟ್ಟೆ. ಯಾರಿಗೂ ಹೇಳಲಿಲ್ಲ. ಕಾಳು ಹಸನು ಮಾಡಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಮುಂದಿನದು ನಿನಗೆ ಗೊತ್ತು. ಸ್ಯಾಂಪಲ್ ಗೆದ್ದಿತು, ಚಿದಾನಂದಪ್ಪ ಪೇಡೆ ಹಂಚಿದ, ಮೂಕಮ್ಮ ತನ್ನ ಪಾಲಿನ ಪೇಡೆಯನ್ನು ನಿನಗೆ ತಂದುಕೊಟ್ಟಳು. ಮೂರು ತಿಂಗಳು ಡಿಪೋದಲ್ಲಿ ಸುತ್ತಿಗೆ ಸಪ್ಪಳ ನಿಲ್ಲಲಿಲ್ಲ. ಆಮೇಲೆ ಮದ್ರಾಸ್ ಬಂದರಿನಲ್ಲಿ ಹಡಗಿಗೆ ತುಂಬುವ ಮೊದಲು ಕಲ್ಲನ್ನು ಮತ್ತೆ ಪರೀಕ್ಷೆ ಮಾಡಿದರು. ಸ್ಯಾಂಪಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ, ಹಿಂದೂಸ್ತಾನದವರು ಒಂದು ತೋರಿಸಿ ಇನ್ನೊಂದು ಕೊಡುತ್ತಾರೆ, ನಾವು ಆಫ್ರಿಕಾದಲ್ಲೋ ಬ್ರೆಜಿಲಿನಲ್ಲೋ ಕೊಳ್ಳುತ್ತೇವೆ ಅಂದುಬಿಟ್ಟರು. ದೆಹಲಿಯಲ್ಲಿ ಕೂತವರ ಸ್ನೇಹ ದೆಹಲಿಯಲ್ಲೇ ಉಳಿಯಿತು. ನಮ್ಮ ಕಲ್ಲು ಮದ್ರಾಸಿನ ದಂಡೆಯಲ್ಲಿ ಗುಡ್ಡೆ ಬಿದ್ದಿತು. ಡಿಪೋಕ್ಕೆ ಬೀಗ ಹಾಕಿದರು.

ಚಿದಾನಂದಪ್ಪ ಮನೆ ಬಾಗಿಲಿಗೆ ಬಂದು ಕೂಗಾಡಿದ ದಿನ ನಾನು ಒಳಗೆ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಸ್ಯಾಂಪಲ್ಲಿಗೆ ಕೈ ಹಾಕಿದವ ನೀನ ಅಲ್ಲೇನು ಎಂದು ಅವನು ಕೇಳಿದ. ಮೊರ, ಬಚ್ಚಲು, ಕಂದು ಕಲ್ಲು ಎಲ್ಲ ಒಮ್ಮೆಗೇ ಕಣ್ಣಿಗೆ ಬಂತು. ಇವನು ಒಂದು ಸಲ ಒಳಬಾಗಿಲ ಕಡೆ ನೋಡಿ, ಹೌದ್ರಿ, ನಾನ ಅಂದ. ಎದ್ದು ಬಂದು ಇವನಲ್ಲ, ನಾನು ಎಂದು ಹೇಳಲು ನನಗೆ ಹತ್ತು ಹೆಜ್ಜೆಯಿತ್ತು. ನಾನು ಏಳಲಿಲ್ಲ. ಕೂಸಿನ ಕಾಲು ತಿಕ್ಕುತ್ತಲೇ ಇದ್ದೆ.

ದೀಪಾವಳಿಯ ಹಿಂದಿನ ದಿನ ಮೂಕಮ್ಮ ಹತ್ತು ಹೆಂಗಸರ ಜೊತೆ ಬಂದು ಮೆಟ್ಟಿಲ ಕೆಳಗೆ ನಿಂತದ್ದನ್ನು ನೀನೂ ನೋಡಿದ್ದೀ. ಬೈಯಲಿಲ್ಲ, ಕೆಲಸ ಕೊಡಿಸಿ ಎಂದು ಕೇಳಲಿಲ್ಲ. ಅಣ್ಣಾರ, ನಾವು ಆರಿಸಿದ್ದು ಕೆಟ್ಟಿತ್ತೇನ್ರಿ, ನಮ್ಮ ಕೈಯಾಗ ತಪ್ಪಾತೇನ್ರಿ ಎಂದಷ್ಟೇ ಕೇಳಿದಳು. ಅವಳು ಸ್ವಲ್ಪ ಹೊತ್ತು ಕಾದು ಹೋದಳು. ಮರುದಿನ ಬೆಳಗ್ಗೆ ನೀನು ಹೊರಟೆ. ಆಗಲೂ ನಾನು ನಿನ್ನ ಟ್ರಂಕಿಗೆ ಕೂಸಿನ ಬಟ್ಟೆ ಮಡಿಸಿ ಹಾಕಿದೆನೇ ಹೊರತು ಬಾಯಿ ತೆರೆಯಲಿಲ್ಲ. ನಾಲ್ಕು ದಿನದ ಸಿಟ್ಟು, ತಾನಾಗಿ ಇಳಿಯುತ್ತದೆ ಅಂದುಕೊಂಡೆ. ಅಳಿಯನ ಕೆಲಸ ಕಳೆದವಳು ಎಂದು ನೀನು ನನ್ನ ಮುಖ ನೋಡದೇ ಹೋದರೆ ಎನ್ನುವ ಹೆದರಿಕೆಯೂ ಇತ್ತು.

ಕೂಲಿ ಹುಡುಕಿಕೊಂಡು ರಾಯದುರ್ಗದ ಕಡೆ ಹೋಗಿದ್ದ ಮೂಕಮ್ಮ ಅಲ್ಲೇ ಜ್ವರ ಬಂದು ತೀರಿಕೊಂಡಳಂತೆ. ಇವನು ಇವತ್ತು ಬೆಳಗ್ಗೆ ಬಂದು ಹೇಳಿದ. ಅವಳು ಕೇಳಿದ್ದಕ್ಕೆ ಇನ್ನು ಉತ್ತರ ಹೇಳಲಾಗುವುದಿಲ್ಲ. ತಪ್ಪು ಅವಳ ಕೈಯದಲ್ಲ, ನನ್ನ ಕೈಯದು ಎಂದು ಹೇಳಿ ಬರಲು ಬಳ್ಳಾರಿಗೆ ಒಂದು ಬಸ್ಸು ಸಾಕಾಗಿತ್ತು.

ಇವನು ತಂದ ರೇಷನ್ ಜೋಳ ಮೊರಕ್ಕೆ ಹಾಕಿಕೊಂಡು ಇದನ್ನೆಲ್ಲ ಹೇಳುತ್ತಿದ್ದೇನೆ. ಅಮೆರಿಕಾದ ಕೆಂಪು ಜೋಳ, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತದೆ. ಕಣ್ಣಿಲ್ಲದಿದ್ದರೂ ಬೆರಳಿಗೆ ಗೊತ್ತಾಗುತ್ತದೆ, ಇದರಲ್ಲಿ ಹೊಟ್ಟು ಇದೆ, ಕಡ್ಡಿ ಇದೆ, ಯಾವುದೋ ಗುರುತಿಲ್ಲದ ಬೀಜ ಇದೆ. ಮೊದಮೊದಲು ಎಂಥಾ ಮೈಗಳ್ಳ ಹೆಂಗಸರು ಎಂದು ಆ ದೇಶದವರನ್ನು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ. ಅವರು ಇದ್ದದ್ದನ್ನು ಇದ್ದಹಾಗೆ ಕಳಿಸಿದ್ದಾರೆ. ನಾನೂ ಹಾಗೆ ಕಳಿಸಿದ್ದರೆ ಕಡಿಮೆ ಬೆಲೆಗಾದರೂ ಕೊಳ್ಳುತ್ತಿದ್ದರೋ ಏನೋ, ಮೂಕಮ್ಮ ಇವತ್ತಿಗೂ ಹಿತ್ತಲಲ್ಲಿ ಕೂತು ಬಾಯಿ ಮಾಡುತ್ತಿದ್ದಳು.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನನ್ನ ಮುಖ ನೋಡಬೇಡ ಬೇಕಾದರೆ. ಆದರೆ ಇಪ್ಪತ್ನಾಲ್ಕರ ಒಳಗೆ ಕೂಸನ್ನು ಕರೆದುಕೊಂಡು ಬಾ. ಇವನು ಆರು ತಿಂಗಳಿಂದ ನನ್ನ ತಪ್ಪನ್ನು ಹೊತ್ತುಕೊಂಡು, ಮೇಲೆ ನನಗೆ ನೀರನ್ನೂ ಹೊತ್ತುಹಾಕುತ್ತಿದ್ದಾನೆ. ಇಂಥವನನ್ನು ಕಡಲು ದಾಟಿಸಿ ನಾವಿಬ್ಬರೂ ಯಾವ ಸುಖ ಉಣ್ಣಬೇಕು ಹೇಳು. ನಿನ್ನ ದಾರಿ ನೋಡುತ್ತಿರುತ್ತೇನೆ.

ಇಂತಿ ನಿನ್ನ ಅವ್ವ,
ಕೊಟ್ರಬಸಮ್ಮ
(ಎಡಗೈ ಹೆಬ್ಬೆಟ್ಟಿನ ಗುರುತು)

ತಾಜಾ ಕಲಂ: ಗುರುಬಸಮ್ಮ, ಇಲ್ಲಿಂದ ಮುಂದಿನದು ಅತ್ತೆ ಹೇಳಿದ್ದಲ್ಲ. ಲಕೋಟೆ ಅಂಟಿಸಲು ಗಂಜಿ ಕೇಳಿ ತರುತ್ತೇನೆಂದು ಗೋಡೆ ಹಿಡಿದುಕೊಂಡು ಪಕ್ಕದ ಗಿಡ್ಡಮ್ಮನ ಮನೆಗೆ ಹೋಗಿದ್ದಾರೆ. ಅವರು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಬಿಟ್ಟಿಲ್ಲ, ಸೇರಿಸಿಲ್ಲ. ಆದರೆ ಅವರಿಗೆ ಗೊತ್ತಿಲ್ಲದ್ದು ಒಂದಿದೆ. ಆ ಸೋಮವಾರ ಬೆಳಗ್ಗೆ ಚೀಲ ಎತ್ತಿದಾಗ ಹಗುರಾಗಿತ್ತು. ಶನಿವಾರ ಅದನ್ನು ಡಿಪೋದಿಂದ ಹೆಗಲ ಮೇಲೆ ತಂದವನು ನಾನು, ಅದರ ಭಾರ ನನಗೆ ಗೊತ್ತಿತ್ತು. ಬಚ್ಚಲ ಮಗ್ಗುಲಿಗೆ ಬಿದ್ದಿದ್ದ ಕಂದು ಕಲ್ಲನ್ನೂ ನೋಡಿದೆ. ತಿರುಗಿ ತುಂಬಿ ಬೆರೆಸಲು ಹತ್ತು ನಿಮಿಷ ಸಾಕು, ಗಾಡಿಗೆ ಇನ್ನೂ ಒಂದು ತಾಸಿತ್ತು. ಈ ಕಂಟ್ರಾಕ್ಟ್ ಬಂದರೆ ನಿನ್ನ ಕೆಲಸ ಕಾಯಂ ಎಂದು ಚಿದಾನಂದಪ್ಪನವರು ಹೇಳಿದ್ದರು. ನಾನು ಅರಗು ಕಾಸಿ ಚೀಲಕ್ಕೆ ಮುದ್ರೆ ಒತ್ತಿದೆ. ಅವರನ್ನು ಉಳಿಸಲು ನಾನು ತಪ್ಪು ಒಪ್ಪಿಕೊಂಡೆ ಎಂದು ಅತ್ತೆ ನಂಬಿದ್ದಾರೆ. ಹೌದು ಅಂದದ್ದು ಅದು ನಿಜವಾಗಿದ್ದರಿಂದ. ನೀನು ನನ್ನ ಬಗ್ಗೆ ತಿಳಿದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಷ್ಟನ್ನು ಬರೆಯದೆ ಅಂಟಿಸಿದ್ದರೆ ನೀನು ಬರುತ್ತಿದ್ದೆಯೇನೋ. ಹಾಗೆ ನಿನ್ನನ್ನು ಕರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಇದನ್ನು ಅತ್ತೆಗೆ ಓದಿ ಹೇಳುವುದಿಲ್ಲ. ನಾಳೆಯಿಂದ ಸಿರುಗುಪ್ಪದ ಕಡೆಯ ಪ್ರತಿ ಬಸ್ಸಿನ ಸಪ್ಪಳಕ್ಕೂ ಅವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರ ಸಲುವಾಗಿ ಕೂಸನ್ನು ಕರೆದುಕೊಂಡು ಒಮ್ಮೆ ಬಾ. ಇಪ್ಪತ್ತೈದಕ್ಕೆ ಬಂದರೂ ಆದೀತು. ನಾನು ಅಷ್ಟರಲ್ಲಿ ಹೋಗಿರುತ್ತೇನೆ.

ಮರಿಬಸಪ್ಪ